ಮೇನ್ ಆಫ್ ಮಾಡಿದ ಮನೆಯಲ್ಲಿ

೨೦೦೬ರ ಮಹಾಲಯ ಅಮಾವಾಸ್ಯೆ, ಬೆಳಿಗ್ಗೆ ಏಳು ಗಂಟೆ. ಠಾಣೆಗೆ ಬಂದ ಹುಡುಗಿ ಕುರ್ಚಿ ತೋರಿಸಿದರೂ ಕೂರಲಿಲ್ಲ. ಅಪ್ಪ ಬಚ್ಚಲಲ್ಲಿ ಸತ್ತುಬಿದ್ದಿದ್ದಾರೆ, ಆದರೆ ಯಾರ ಮೇಲೂ ಕೇಸು ಬೇಡ, ಕರೆದುಕೊಂಡು ಹೋದವಳು ಅಮ್ಮ ಎಂದಳು. ಅಮ್ಮ ಈಗ ಎಲ್ಲಿದ್ದಾರೆ ಎಂದು ಕಾನ್‌ಸ್ಟೇಬಲ್ ಹಾಲ್ದಾರ್ ಕೇಳಿದ. ಜೂನ್ ತಿಂಗಳಲ್ಲೇ ತೀರಿಕೊಂಡಳು ಎಂದು ಉತ್ತರ ಬಂತು. ಹಾಲ್ದಾರ್ ಪೆನ್ನು ಕೆಳಗಿಟ್ಟು ಇನ್‌ಸ್ಪೆಕ್ಟರನ್ನು ಕರೆದ.

ದೆವ್ವವನ್ನು ಆರೋಪಿ ಎಂದು ಬರೆಯಲು ಎಫ್‌ಐಆರ್‌ನಲ್ಲಿ ಜಾಗವಿಲ್ಲ. ಇನ್‌ಸ್ಪೆಕ್ಟರ್ ಶ್ಯಾಮಸುಂದರ ಸದ್ಯಕ್ಕೆ ಅಸಹಜ ಸಾವು ಎಂದು ದಾಖಲಿಸಿಕೊಂಡ. ಅವನ ತಂದೆ ಧಾರವಾಡದಿಂದ ರೈಲ್ವೆ ನೌಕರಿಗೆಂದು ಕಲ್ಕತ್ತೆಗೆ ಬಂದವರು. ಇವನು ಹುಟ್ಟಿ ಬೆಳೆದದ್ದು ಇಲ್ಲೇ ಆದರೂ ಮನೆಮಾತು ಬಿಟ್ಟಿರಲಿಲ್ಲ. ಹುಡುಗಿಯ ಹೆಸರು ಐಶ್ವರ್ಯಾ, ತಂದೆ ಉಮಾಪತಿ ಎಂದು ಓದಿ, ನಮ್ಮ ಕಡೆಯವರೇ ಇರಬೇಕೆಂದು ಕನ್ನಡದಲ್ಲೇ ಕೇಳಿದ.

"ಏನಾತವ್ವಾ? ನಿಧಾನಕ್ಕ ಹೇಳು."

ಅಲ್ಲಿಯವರೆಗೆ ಕಲ್ಲಿನಂತೆ ನಿಂತಿದ್ದವಳು ಆಗ ಅತ್ತಳು.

ಲೇಕ್ ಗಾರ್ಡನ್ಸಿನಲ್ಲಿ ಹಳೆಯ ಎರಡಂತಸ್ತಿನ ಮನೆ. ಕೆಳಗೆ ಉಮಾಪತಿ ಮತ್ತು ಮಗಳು. ಉಮಾಪತಿ ಬಿಬಿಡಿ ಬಾಗ್‌ನ ಕೇಂದ್ರ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಬೆಂಗಳೂರಿನ ವಿನಾಯಕ. ಇವನೂ ಐಶ್ವರ್ಯಾಳೂ ಸಾಲ್ಟ್ ಲೇಕಿನ ಒಂದೇ ಸಾಫ್ಟ್‌ವೇರ್ ಕಂಪನಿಯಲ್ಲಿ ಕೆಲಸಕ್ಕಿದ್ದವರು.

ಪಂಚನಾಮೆ ಬಚ್ಚಲಿನಿಂದ ಶುರುವಾಯಿತು. ಉಮಾಪತಿ ಒದ್ದೆ ಪಂಚೆಯಲ್ಲಿ ನಲ್ಲಿಯ ಕೆಳಗೆ ಬಿದ್ದಿದ್ದರು. ಗಂಗೆಯಲ್ಲಿ ಹೆಂಡತಿಗೆ ತರ್ಪಣ ಬಿಡಲು ಹೊರಟವರು, ಹೊರಡುವ ಮೊದಲು ಮನೆಯಲ್ಲಿ ತಲೆಗೆ ನೀರು ಹಾಕಿಕೊಂಡಿದ್ದರು. ಬಲಗೈ ಬೆರಳುಗಳ ತುದಿ ಕಪ್ಪಗೆ ಸುಟ್ಟಿತ್ತು. ಹಾಲ್ದಾರ್ ಟೆಸ್ಟರ್ ತಂದು ಕಬ್ಬಿಣದ ನಲ್ಲಿಗೆ ಮುಟ್ಟಿಸಿದ. ಏನೂ ಹತ್ತಲಿಲ್ಲ. ಬಾಗಿಲ ಪಕ್ಕದ ಮೇನ್ ಸ್ವಿಚ್ ನೋಡಿದರೆ, ಅದು ಆಫ್ ಆಗಿತ್ತು.

"ಮೇನ್ ಯಾರು ಆಫ್ ಮಾಡಿದ್ದು?"

"ನಾನೇ," ಎಂದಳು ಐಶ್ವರ್ಯಾ. "ಅಮ್ಮನ ಜೊತೆ ಮಾತಾಡೋಕೆ."

ಬಚ್ಚಲಿಗೆ ಒತ್ತಿದ ಕೋಣೆಯಲ್ಲಿ, ಗೋಡೆಗೆ ಆನಿಸಿ ಒಂದು ಮೇಜು. ಅದರ ಮೇಲೆ ದೆವ್ವ ಸುಳಿದರೆ ದೀಪ ಹತ್ತುತ್ತದೆನ್ನುವ ಅಂಗೈಯಗಲದ ಮೀಟರು, ತಣ್ಣಗಿನ ಜಾಗ ಹುಡುಕುವ ಥರ್ಮಾಮೀಟರು, ಒಂದು ಪುಟ್ಟ ಮೈಕು. ಎಲ್ಲವೂ ವಿನಾಯಕನವು. ವಾರಾಂತ್ಯದಲ್ಲಿ ಹಾಳು ಬಂಗಲೆಗಳಿಗೆ ಹೋಗಿ ದೆವ್ವ ಹುಡುಕುವುದು ಅವನ ಹವ್ಯಾಸ.

"ವೈರಲ್ಲಿ ಕರೆಂಟ್ ಹರಿದ್ರೂ ಮೀಟರಿನ ದೀಪ ಹತ್ತುತ್ತೆ ಸಾರ್," ಎಂದ ವಿನಾಯಕ. ಗಡ್ಡ ಬೋಳಿಸಿರಲಿಲ್ಲ, ಮಾತು ಮಾತ್ರ ಸರಾಗ. "ಅದಕ್ಕೇ ಮೊದಲು ಮನೆ ಮೇನ್ ಆಫ್ ಮಾಡ್ತೀವಿ. ಆಮೇಲೂ ಹತ್ತಿದ್ರೆ ಅದು ಮನೆ ಕರೆಂಟ್ ಅಲ್ಲ. ಇದು ಸೈಂಟಿಫಿಕ್ ಪ್ರೊಸೀಜರ್."

"ಇಲ್ಲಿ ಹತ್ತೇತೇನು?"

"ಎರಡು ತಿಂಗಳಿಂದ ಹತ್ತುತ್ತೆ ಸಾರ್. ಪ್ರತಿ ಸಂಜೆ."

ವಿನಾಯಕ ಹೇಳಿಕೊಟ್ಟ ನಿಯಮ ಹೀಗಿತ್ತು: ಒಂದು ಸಲ ಮಿನುಗಿದರೆ ಹೌದು, ಎರಡು ಸಲ ಮಿನುಗಿದರೆ ಇಲ್ಲ. ಐಶ್ವರ್ಯಾ ಒಬ್ಬಳೇ ಬಾಗಿಲು ಹಾಕಿಕೊಂಡು ಕೇಳಬೇಕು, ಬೇರೆಯವರು ಇರಕೂಡದು. ಅಪ್ಪ ಕಚೇರಿಯಿಂದ ಬರುವ ಮೊದಲೇ ಮುಗಿಯಬೇಕು. ಮಹಾಲಯಕ್ಕೆ ಸತ್ತವರು ಮನೆಗೆ ಬರುತ್ತಾರಲ್ಲ ಎಂದು ಇವತ್ತು ಮಾತ್ರ ಅವಳು ಹಟ ಹಿಡಿದು ಬೆಳಿಗ್ಗೆಯೇ ಕೂತಿದ್ದಳು.

"ಅಮ್ಮ ಆಸ್ಪತ್ರೆಯಿಂದ ಫೋನ್ ಮಾಡಿದ್ಲು ಅಂಕಲ್," ಎಂದಳು. "ಆಫೀಸಲ್ಲಿ ಸಾಫ್ಟ್‌ವೇರ್ ರಿಲೀಸ್ ಇತ್ತು, ಮೀಟಿಂಗಲ್ಲಿದ್ದೆ. ಆಮೇಲೆ ಮಾಡ್ತೀನಿ ಅಂತ ಕಟ್ ಮಾಡ್ದೆ. ಅದೇ ಲಾಸ್ಟ್. ಕೋಪಾನಾ ಅಂತ ಇಲ್ಲಿ ಕೇಳ್ದೆ. ಎರಡು ಸಲ ಬ್ಲಿಂಕ್ ಆಯ್ತು. ಇಲ್ಲ ಅಂತ."

"ಇವತ್ತು ಏನು ಕೇಳಿದಿ?"

"ಅಪ್ಪ ನಿನಗೆ ನೀರು ಬಿಡೋಕೆ ಹೊರಟಿದ್ದಾರೆ, ಖುಷಿನಾ ಅಂತ. ದೀಪ ಹತ್ತಿತು. ಆಗಲೇ ಬಚ್ಚಲಲ್ಲಿ ಸದ್ದಾಯ್ತು." ಅವಳು ಮೀಟರಿನಿಂದ ಕಣ್ಣು ಕೀಳಲಿಲ್ಲ. "ಇನ್ನೊಂದು ಪ್ರಶ್ನೆ ಉಳಿದಿದೆ. ನಾನೂ ಬರಲಾ ಅಂತ. ಅಮ್ಮ ಹೂಂ ಅಂದ್ರೆ ಹೋಗ್ತೀನಿ."

ಅಯ್ಯೋ ದೇವರೇ ಎಂದುಕೊಂಡ ಶ್ಯಾಮಸುಂದರ. ಹೆಣ ಮರಣೋತ್ತರ ಪರೀಕ್ಷೆಗೆ ಹೋಯಿತು. ಮಧ್ಯಾಹ್ನ ಡಾಕ್ಟರು ಫೋನಿನಲ್ಲಿ ಹೇಳಿದ್ದು ಇಷ್ಟೇ: ವಿದ್ಯುತ್ ಆಘಾತ.

"ಮೇನ್ ಆಫ್ ಇತ್ತಲ್ಲ ಸಾರ್," ಎಂದ ಹಾಲ್ದಾರ್. ಬಚ್ಚಲ ಕಡೆ ಬೆನ್ನು ಹಾಕಿ ನಿಲ್ಲಲು ಒಲ್ಲದೆ ಗೋಡೆಗೆ ಒರಗಿದ್ದ.

"ಈ ಮನೀದು ಆಫ್ ಇತ್ತು," ಎಂದು ಯೋಚಿಸುತ್ತ ಕನ್ನಡದಲ್ಲೇ ಅಂದುಬಿಟ್ಟ ಶ್ಯಾಮಸುಂದರ. ಆಮೇಲೆ ಬಂಗಾಳಿಯಲ್ಲಿ ಬಿಡಿಸಿ ಹೇಳಿದ. ಮನೆಯ ಮೇನ್ ಆಫ್ ಇದ್ದೂ ದೀಪ ಹತ್ತಿದರೆ ದೆವ್ವದವರು ದೆವ್ವ ಅನ್ನಲಿ. ಪೊಲೀಸರು ಬೇರೆ ಯಾರದೋ ಮೇನ್ ಆನ್ ಇದೆ ಅನ್ನಬೇಕು.

ವಿದ್ಯುತ್ ಮಿಸ್ತ್ರಿಯನ್ನು ಕರೆಸಿದರು. ಮೇಲಿನ ತೊಟ್ಟಿಯಿಂದ ಇಳಿಯುವ ಕಬ್ಬಿಣದ ಪೈಪಿನ ಹಿಂದೆ, ಗೋಡೆಯ ಸಂದಿನಲ್ಲಿ ಒಂದು ತೆಳು ವೈರು ಸಿಕ್ಕಿತು. ಇಲಿ ಕಡಿದ ಕಡೆ ತಾಮ್ರ ಪೈಪಿಗೆ ತಗುಲಿತ್ತು. ವೈರು ಮೇಜಿನ ಹಿಂದೆ ಸುತ್ತಿ ಮತ್ತೆ ಮೇಲಕ್ಕೆ, ಬೇರೆಯೇ ಮೇನ್ ಇದ್ದ ವಿನಾಯಕನ ಕೋಣೆಗೆ ಹೋಗಿತ್ತು. ಮೈಕಿನೊಳಗೆ, ಕೇಳಿದ್ದನ್ನು ಬೇರೆಡೆಗೆ ಕಳಿಸುವ ಪುಟ್ಟ ಯಂತ್ರವೊಂದಿತ್ತು. ಮಿಸ್ತ್ರಿ ವೈರು ಪೈಪಿಗೆ ತಾಗದಂತೆ ಟೇಪು ಸುತ್ತಿದ. ಬಚ್ಚಲಿಗೆ ಬೀಗ ಬಿತ್ತು.

ವೈರು ಸಿಕ್ಕಿತು, ಸರಿ. ಅದರ ತುದಿಯಲ್ಲಿ ಕೈ ಇಟ್ಟವನು ಸಿಗಬೇಕಲ್ಲ? ನನ್ನದಲ್ಲ, ಹಳೆ ಬಾಡಿಗೆಯವರದ್ದು ಅಂದುಬಿಟ್ಟರೆ ಮುಗಿಯಿತು. ವೈರು ಸಿಕ್ಕ ಸುದ್ದಿಯನ್ನು, ಹೇಳಿಕೆ ಕೊಡಲು ಠಾಣೆಗೆ ಹೋಗಿದ್ದ ವಿನಾಯಕ, ಐಶ್ವರ್ಯಾ ಸೇರಿ ಯಾರಿಗೂ ಹೇಳಬೇಡಿರೆಂದು ಶ್ಯಾಮಸುಂದರ ಕಟ್ಟಪ್ಪಣೆ ಮಾಡಿದ. ಅವರಿಬ್ಬರೂ ಮರಳಿದ ಮೇಲೆ ಹಾಲ್ದಾರ್ ಸದ್ದಿಲ್ಲದೆ ಮೆಟ್ಟಿಲು ಹತ್ತಿ ಮೇಲಿನ ಕೋಣೆಯ ಹೊರಗೆ ನಿಂತ.

ಸಂಜೆ ಐಶ್ವರ್ಯಾ ಮೇಜಿನ ಮುಂದೆ ಕೂತಳು. ಮೇನ್ ಆಫ್. ಕಿಟಕಿಯಾಚೆ ದುರ್ಗಾಪೂಜೆಯ ಪೆಂಡಾಲಿಗೆ ಬಿದಿರು ಕಟ್ಟುತ್ತಿದ್ದವರ ಕೂಗು ನಿಂತಿತ್ತು. ಶ್ಯಾಮಸುಂದರ ಮೈಕಿಗೆ ಸದ್ದು ಕೇಳದಂತೆ ಮೂಲೆಯಲ್ಲಿ ನಿಂತ. ಮಾಡುತ್ತಿರುವುದು ಸರಿಯೇ ಎಂದು ಅವನಿಗೇ ಗೊತ್ತಿರಲಿಲ್ಲ. ಹುಡುಗಿಯ ಜೀವವನ್ನೇ ಗಾಳಕ್ಕೆ ಸಿಕ್ಕಿಸಿದ್ದ.

"ಅಮ್ಮಾ, ಅಪ್ಪ ನಿನ್ನ ಹತ್ರ ಬಂದ್ರಾ?"

ಮೀಟರು ಕಪ್ಪಗೇ ಇತ್ತು.

"ಕೋಪಾನಾ? ಮಾತಾಡಮ್ಮಾ."

ಏನೂ ಇಲ್ಲ. ಮೇಲಿನವನು ಹೆದರಿದ್ದಾನೆ, ಇನ್ನು ಸ್ವಿಚ್ ಮುಟ್ಟಲಾರ ಎಂದು ಶ್ಯಾಮಸುಂದರನಿಗೆ ಅನ್ನಿಸಿತು.

"ಹಾಗಾದ್ರೆ ನಾನೂ ಬರ್ತೀನಿ. ಬರಲಾ? ನೀನು ಸುಮ್ಮನಿದ್ರೆ ಹೂಂ ಅಂತಲೇ ತಿಳ್ಕೋತೀನಿ."

ಸ್ವಲ್ಪ ಹೊತ್ತು ಕತ್ತಲೆ. ಅವಳು ಕುರ್ಚಿ ಹಿಂದೆ ಸರಿಸಿ ಎದ್ದಳು. ಆಗ ದೀಪ ಎರಡು ಸಲ ಮಿನುಗಿತು. ಮತ್ತೆ ಎರಡು ಸಲ. ಮತ್ತೆ, ಮತ್ತೆ, ಬಿಡುವಿಲ್ಲದೆ, ಎರಡೆರಡು ಸಲ. ಮೇಲೆ ಬಾಗಿಲು ಒಡೆದ ಸದ್ದಾಯಿತು. ಹಾಲ್ದಾರ್ ಒಳಗೆ ನುಗ್ಗಿದಾಗಲೂ ವಿನಾಯಕ ಸ್ವಿಚ್ಚಿನಿಂದ ಬೆರಳು ತೆಗೆದಿರಲಿಲ್ಲವಂತೆ.

ಐಪಿಸಿ ೩೦೪ರ ಅಡಿ, ಕೊಲೆಯಲ್ಲದ ನರಹತ್ಯೆ ಎಂದು ಎಫ್‌ಐಆರ್ ಆಯಿತು. ವಿನಾಯಕ ಏನನ್ನೂ ಮುಚ್ಚಿಡಲಿಲ್ಲ.

"ವರ್ಷಗಟ್ಟಲೆ ಹುಡುಕಿದೀನಿ ಸಾರ್, ಯಾವ ಮನೇಲೂ ಏನೂ ಸಿಕ್ಕಿಲ್ಲ. ಇವಳು ಊಟ ಬಿಟ್ಟಿದ್ಲು. ನನ್ನ ಕೈಲಿ ಮೀಟರ್ ಇತ್ತು. ಅಮ್ಮ ಕ್ಷಮಿಸಿದಾಳೆ ಅಂತ ಯಾರಾದ್ರೂ ಹೇಳಬೇಕಿತ್ತು."

"ಒಂದು ದಿನ ಹೇಳಿ ಬಿಡಬಹುದಿತ್ತಲ್ಲೋ."

"ಮಾರನೇ ದಿನ ನಗ್ತಾ ಬಂದು ಬಾಗಿಲು ತಟ್ಟಿದ್ಲು." ಅವನು ತಲೆ ತಗ್ಗಿಸಿದ. "ವೈರು ಪೈಪಿಗೆ ತಾಗಬಹುದು ಅಂತ ಗೊತ್ತಿತ್ತು, ಅದಕ್ಕೇ ಅವರಿಲ್ಲದಾಗ ಮಾತ್ರ ಮಾಡ್ತಿದ್ದೆ. ತರ್ಪಣಕ್ಕೆ ಹೋಗೋರು ಮೊದಲು ಮನೇಲಿ ಸ್ನಾನ ಮಾಡ್ತಾರೆ ಅಂತ ನನಗೆ ಹೊಳೀಲೇ ಇಲ್ಲ ಸಾರ್."

ಬೇಡಿ ಹಾಕಿದ ಕೈಗಳನ್ನು ಮುಂದೆ ಹಿಡಿದು ವಿನಾಯಕ ಮೆಟ್ಟಿಲಿಳಿದ. ಐಶ್ವರ್ಯಾ ಬಾಗಿಲಲ್ಲಿದ್ದಳು. ಅವನನ್ನು ಬೈಯಲಿಲ್ಲ. ಅವನು ಜೀಪು ಹತ್ತುವವರೆಗೆ ನೋಡಿ ಇನ್‌ಸ್ಪೆಕ್ಟರ್ ಕಡೆ ತಿರುಗಿದಳು.

"ಅಂಕಲ್, ಬರಬೇಡ ಅಂದಿದ್ದೂ ಅವನೇನಾ?"

"ಹೌದವ್ವಾ."

"ಹಾಗಾದ್ರೆ ಅಮ್ಮ ಇನ್ನೂ ಏನೂ ಹೇಳಿಲ್ಲ."

ಶ್ಯಾಮಸುಂದರ ಜೀಪನ್ನು ಮುಂದೆ ಕಳಿಸಿದ. ಮನೆಗೆ ಫೋನು ಮಾಡಿ, ಹೆಂಡತಿಯನ್ನು ಕೂಡಲೇ ಇಲ್ಲಿಗೆ ಬರಹೇಳಿದ. ಅವಳು ಬರುವವರೆಗೂ ಹುಡುಗಿಯ ಎದುರಿನ ಕುರ್ಚಿಯಿಂದ ಅವನು ಏಳಲಿಲ್ಲ.