ಚಿತ್ರದಲ್ಲಿ ಇಲ್ಲದವನು

"ಇದು ಸ್ಟ್ರೋಲ್ ಅಲ್ಲ," ಎಂದಳು ಅವಳು. "ಸ್ಟ್ರೋಲ್ ಅಂದ್ರೆ ಎಲ್ಲಿಗೂ ಹೋಗೋ ಅವಸರ ಇಲ್ಲದೆ ನಡೆಯೋದು. ನೀವು ಬಸ್ ತಪ್ಪಿಸಿಕೊಂಡವರ ಹಾಗೆ ನಡೀತಿದೀರ."

ಅವನು ಕಾರಿಡಾರಿನ ತುದಿಗೆ ಹೋಗಿ ಮತ್ತೆ ಹೊರಟ. ಈ ಸಲ ಕೈಗಳೆರಡೂ ಜೇಬಿನಲ್ಲಿ, ಗದ್ದ ಸ್ವಲ್ಪ ಮೇಲೆ, ಇಡೀ ಕಟ್ಟಡವೇ ಅವರಪ್ಪನ ಆಸ್ತಿ ಅನ್ನುವ ಠೀವಿ.

"ಇದು?"

"ಸಾಂಟರ್. ನೋಡೋರಿದಾರೆ ಅಂತ ಗೊತ್ತಿದ್ದು ನಡೆಯೋದು."

"ಇದಾರಲ್ಲ," ಎಂದ ಅವನು. ಅವಳು ಥಟ್ಟನೆ ಕೈಯಲ್ಲಿದ್ದ ಹಾಳೆಯ ಕಡೆ ಕಣ್ಣಿಳಿಸಿದಳು.

ಕಣ್ಣು ಕಾಣದವರಿಗಾಗಿ ಇಂಗ್ಲಿಷ್ ಸಿನಿಮಾಗಳಿಗೆ ಇಂಗ್ಲಿಷಿನಲ್ಲೇ ವಿವರಣೆ ಸೇರಿಸುವ ಪುಟ್ಟ ಸ್ಟುಡಿಯೋ ಅದು. ಬರೆಯುವವಳು ಅವಳು, ಓದುವವನು ಅವನು. ಒಂದು ಮಾತು ಮುಗಿದು ಇನ್ನೊಂದು ಶುರುವಾಗುವ ನಡುವೆ ಸಿಗುವುದು ಎರಡೋ ಮೂರೋ ಸೆಕೆಂಡು. ಅಷ್ಟರಲ್ಲಿ 'ಸುಸ್ತಾಗಿ ಕಾಲೆಳೆಯುತ್ತಾ ನಡೆದ' ಅಂತೆಲ್ಲ ರಾಗ ಎಳೆಯಲು ಪುರುಸೊತ್ತೆಲ್ಲಿ? ಟ್ರಡ್ಜ್ ಎಂದು ಮುಗಿಸಬೇಕು. ಯಾವ ಪದ ಸರಿ ಎಂದು ಅನುಮಾನ ಬಂದರೆ ಅವನು ನಡೆದು ತೋರಿಸುವುದು ಇಬ್ಬರೂ ಎರಡು ವರ್ಷದಿಂದ ನಡೆಸಿಕೊಂಡು ಬಂದ ಪದ್ಧತಿ.

ಕೆಲಸಕ್ಕೆ ಒಂದೇ ಒಂದು ಕಟ್ಟುನಿಟ್ಟು. ಕಂಡದ್ದನ್ನು ಮಾತ್ರ ಬರೆಯಬೇಕು, ಮನಸ್ಸಿನೊಳಗಿನದನ್ನು ಬರೆಯಬಾರದು. 'ಅವಳಿಗೆ ಗಾಬರಿ' ಅನ್ನುವಂತಿಲ್ಲ. 'ಉಂಗುರ ತಿರುಗಿಸುತ್ತಾಳೆ' ಅನ್ನಬೇಕು.

ಮನೆಯಲ್ಲಿ ಅಮ್ಮ ಅವಳನ್ನು ಕರೆಯುತ್ತಿದ್ದದ್ದೇ ಪಾದರಸ ಎಂದು. ಕೂತಲ್ಲಿ ಕೂರುವುದಿಲ್ಲ, ನಿಂತಲ್ಲಿ ನಿಲ್ಲುವುದಿಲ್ಲ, ಕೂರಿಸಿದರೂ ಕಾಲು ಟಕಟಕ ಕುಟ್ಟುತ್ತಲೇ ಇರುತ್ತದೆ. ಈ ವಾರವಂತೂ ಕೇಳುವುದೇ ಬೇಡ. ದೂರದೂರಿನ ರೇಡಿಯೋ ಒಂದು ಅವನನ್ನು ಕೆಲಸಕ್ಕೆ ಕರೆದಿತ್ತು. ಇವತ್ತು ಸಂಜೆ ಐದರೊಳಗೆ ಅವನು ಹೂಂ ಅಥವಾ ಉಹೂಂ ಹೇಳಬೇಕಿತ್ತು.

ಸುದ್ದಿ ಹೇಳಿದ ದಿನ ಅವನು ಅವಳ ಮುಖವನ್ನೇ ನೋಡುತ್ತಾ ನಿಂತಿದ್ದ. ಅವಳು "ಓ, ಒಳ್ಳೇದಾಯ್ತಲ್ಲ" ಎಂದು ಹೆಗಲು ಕುಣಿಸಿಬಿಟ್ಟಿದ್ದಳು. ಅಷ್ಟು ಸುಳ್ಳು ಶ್ರಗ್ ಅನ್ನು ಯಾವ ನಟಿಯೂ ಮಾಡಿರಲಿಕ್ಕಿಲ್ಲ. ಅವನು ನಂಬಿಬಿಟ್ಟ, ಪೆದ್ದ. ಅಂದಿನಿಂದ ಅವಳಿಗೆ ಅನ್ನ ಸೇರುತ್ತಿಲ್ಲ. ನಿನ್ನೆ ಅವನ ರೆಕಾರ್ಡಿಂಗ್ ಇದ್ದಾಗ ಆ ದನಿ ಕೇಳಲಾಗದೆ ತಲೆನೋವಿನ ನೆಪ ಹೇಳಿ ಮನೆಗೆ ಹೋಗಿದ್ದಳು.

ನಾಲ್ಕು ಗಂಟೆಗೆ ಟೀಚರ್ ಬಂದರು. ನಿವೃತ್ತ ಇಂಗ್ಲಿಷ್ ಮೇಡಂ, ದೃಷ್ಟಿ ಹೋಗಿ ಇಪ್ಪತ್ತು ವರ್ಷ. ಅವರು ಕೇಳಿ ಒಪ್ಪದೆ ಯಾವ ಸಿನಿಮಾವೂ ಹೊರಗೆ ಹೋಗುತ್ತಿರಲಿಲ್ಲ. ಮೇಜಿನ ಒಂದು ಬದಿಗೆ ಅವನು, ಎದುರಿಗೆ ಅವಳು, ನಡುವೆ ಟೀಚರ್. ಗೋಡೆಯ ಮೇಲೆ ಸಿನಿಮಾ ಶುರುವಾಯಿತು.

"ಮೊದಲು ಆ ಕಾಲು ಕುಟ್ಟೋದು ನಿಲ್ಸಮ್ಮ," ಎಂದರು ಟೀಚರ್. ಅವಳು ನಿಲ್ಲಿಸಿದಳು. ಅರ್ಧ ನಿಮಿಷದಲ್ಲಿ ಮತ್ತೆ ಟಕಟಕ.

ರೈಲ್ವೆ ಪ್ಲಾಟ್‌ಫಾರ್ಮಿನ ದೃಶ್ಯ ಬಂತು. ಮಾತಿಲ್ಲದ ಉದ್ದನೆಯ ದೃಶ್ಯ. ಅವನ ದನಿ ಇಂಗ್ಲಿಷಿನಲ್ಲಿ ಹೇಳುತ್ತಾ ಹೋಯಿತು: ಮುದುಕಿ ಬೆಂಚಿನ ಮೇಲೆ ಕೂರುತ್ತಾಳೆ. ಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ. ಗಾಜಿನ ಆಚೆ ಒಬ್ಬ ಗಂಡಸು. ಪೆನ್ನಿನ ಮುಚ್ಚಳ ಕಚ್ಚುತ್ತಾನೆ. ಕತ್ತೆತ್ತಿ ಒಂದು ಗ್ಲಾನ್ಸ್. ಇನ್ನೊಂದು ಗ್ಲಾನ್ಸ್. ಈಗ ಗೇಜ್.

ಅವಳು ಗಕ್ಕನೆ ತೆರೆಯ ಕಡೆ ತಿರುಗಿದಳು. ತೆರೆಯ ಮೇಲೆ ಮುದುಕಿ ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಗಾಜು ಇದ್ದದ್ದು ಅವಳ ಮೇಜಿನ ಎದುರಿಗೆ, ರೆಕಾರ್ಡಿಂಗ್ ಬೂತಿಗೆ. ಸೋಮವಾರ ಬರೆಯುತ್ತಾ ಕೂತಾಗ ಕಣ್ಣು ಯಾವ ಮಾಯದಲ್ಲಿ ತೆರೆ ಬಿಟ್ಟು ಬೂತಿಗೆ ಹೋಗಿತ್ತೋ, ಬೆರಳುಗಳು ಕಂಡದ್ದನ್ನು ಬರೆದುಬಿಟ್ಟಿದ್ದವು. ಬೂತಿನೊಳಗೆ ಸಿನಿಮಾ ಕಾಣುವುದಿಲ್ಲ, ಹಸಿರು ದೀಪ ಹತ್ತಿದಾಗ ಹಾಳೆ ನೋಡಿ ಓದುವುದಷ್ಟೇ. ಹಾಗಾಗಿ ಅವನೂ ನಿನ್ನೆ ತನ್ನ ಬಗ್ಗೆ ತಾನೇ ಓದಿ ಬಂದಿದ್ದ.

"ನಿಲ್ಸಪ್ಪ," ಎಂದರು ಟೀಚರ್. "ಇವನ್ಯಾರು?"

"ಸ್ಟೇಷನ್ ಮಾಸ್ಟರ್ ಇರ್ಬೇಕು ಟೀಚರ್," ಎಂದು ಅವನು ತೆರೆಯ ಕಡೆ ನೋಡಿದ. ಯಾರೂ ಕಾಣಲಿಲ್ಲ. ಆಮೇಲೆ, ತನ್ನ ಹಲ್ಲಿನ ನಡುವೆ ಇದ್ದ ಪೆನ್ನಿನ ಮುಚ್ಚಳವನ್ನು ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟ.

"ತಪ್ಪಾಗಿದೆ ಟೀಚರ್, ತೆಗೆದುಹಾಕ್ತೀನಿ," ಎಂದಳು ಅವಳು. ಮುಖ ಕೆಂಪೇರಿತ್ತು.

"ತೆಗೆಯೋದಿರ್ಲಿ. ಇಡೀ ಸಿನಿಮಾದಲ್ಲಿ ನನಗೆ ಸರಿಯಾಗಿ ಕಂಡಿದ್ದು ಇವನೊಬ್ಬನೇ. ಮುದುಕಿನ ನೀನು ನೋಡಿ ಬರೆದಿದೀಯ. ಇವನನ್ನ ನೋಡ್ತಾ ಕೂತಿದೀಯ." ಟೀಚರ್ ಕುರ್ಚಿಗೆ ಒರಗಿದರು. "ಗ್ಲಾನ್ಸ್ ಅಂದ್ರೆ ಸಿಕ್ಕಿಬೀಳದ ಹಾಗೆ ನೋಡೋದು. ಗೇಜ್ ಅಂದ್ರೆ ಸಿಕ್ಕಿಬಿದ್ರೂ ಚಿಂತೆಯಿಲ್ಲ ಅಂತ ನೋಡೋದು. ಅವನು ಒಂದನ್ನ ಬಿಟ್ಟು ಇನ್ನೊಂದಕ್ಕೆ ಬಂದಿದ್ದು ನಿನಗೆ ಗೊತ್ತಾಗಿದೆ. ಯಾರನ್ನ ನೋಡ್ತಿದ್ದ ಅನ್ನೋದನ್ನ ಮಾತ್ರ ಬರೆದಿಲ್ಲ."

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು. ಅವನ ಕುರ್ಚಿ ಸರಿದ ಸದ್ದಾಯಿತು.

"ಯಾರೋ ಎದ್ರಲ್ಲ. ಏನು ನಡೀತಿದೆ ಇಲ್ಲಿ? ಹೇಳು, ಕಂಡಿದ್ದು ಮಾತ್ರ."

"ಅವರು ಫೋನ್ ಕೈಗೆ ತಗೊಂಡ್ರು," ಎಂದಳು ಅವಳು. "ಬಾಗಿಲ ತನಕ ಹೋದ್ರು."

"ಹೇಗೆ ಹೋದ? ಸ್ಟ್ರೈಡಾ, ದಾಪುಗಾಲು ಹಾಕ್ಕೊಂಡು?"

"ಅಲ್ಲ. ಎರಡು ಹೆಜ್ಜೆ ಇಟ್ಟು ನಿಂತ್ರು. ಇನ್ನೊಂದು ಹೆಜ್ಜೆ. ಈಗ ಬಾಗಿಲ ಹಿಡಿ ಹಿಡ್ಕೊಂಡು ಸುಮ್ಮನೆ ನಿಂತಿದಾರೆ." ಅವಳು ಪೆನ್ಸಿಲ್ ಕೈಗೆತ್ತಿಕೊಂಡಳು. "ಲಿಂಗರ್, ಟೀಚರ್. ಹೋಗೋ ಹೊತ್ತಾದ್ರೂ ಹೋಗ್ದೆ ಇರೋದು."

"ಮತ್ತೆ ನೀನು?"

"ನಾನು ಪೆನ್ಸಿಲ್ ತಿರುಗಿಸ್ತಿದೀನಿ. ಕಾಲು ಕುಟ್ತಿದೀನಿ." ಅವಳು ಪೆನ್ಸಿಲನ್ನು ಕೆಳಗಿಟ್ಟಳು. "ಕಂಡಿದ್ದು ಮಾತ್ರ ಹೇಳಿದ್ರೆ ಇವತ್ತು ಸಾಲಲ್ಲ ಟೀಚರ್. ಅವರು ಹೋಗೋದು ನನಗೆ ಬೇಡ. ಅವತ್ತು ಹೆಗಲು ಕುಣಿಸಿದ್ದು ಸುಳ್ಳು. ಅವರಿಲ್ಲದೆ ನನಗೆ ಆಗಲ್ಲ."

ಅವನು ತಿರುಗಿದ. "ಎರಡು ವರ್ಷದಿಂದ ನೀವು ಬರೆದಿದ್ದನ್ನ ಬರೆದ ಹಾಗೇ ಓದ್ತಾ ಬಂದಿದೀನಿ," ಎಂದ. "ಅವತ್ತೂ ಹಾಗೇ ಓದ್ಬಿಟ್ಟೆ. ಈ ಒಂದು ಮಾತು ಆಗಲೇ ಹೇಳಿದ್ರೆ ನನಗೆ ಒಂದು ವಾರದ ನಿದ್ದೆ ಉಳೀತಿತ್ತು."

"ನೀವಾದ್ರೂ ಹೇಳ್ಬಹುದಿತ್ತು."

"ದಿನಾ ಆ ಕಾರಿಡಾರಲ್ಲಿ ನಡೆದು ನಡೆದು ಮತ್ತೇನು ಹೇಳ್ತಿದ್ದೆ ನಾನು?"

ಅವನು ಅಲ್ಲೇ ನಿಂತು ಫೋನ್ ಮಾಡಿದ. "ಕ್ಷಮಿಸಿ ಸರ್, ನನಗೆ ಬರೋಕಾಗಲ್ಲ," ಎಂದ. ಆಚೆಯವರು ಕಾರಣ ಕೇಳಿರಬೇಕು. "ಇಲ್ಲಿ ಓದೋದು ಇನ್ನೂ ಬಾಕಿ ಇದೆ," ಎಂದು ಇಟ್ಟ. ಮೇಜಿನ ಹತ್ತಿರ ಬಂದು, ಅಂಗೈ ಮೇಲಾಗಿ ಕೈ ಚಾಚಿದ. ಅವಳು ತನ್ನ ಕೈಯನ್ನು ಅದರೊಳಗಿಟ್ಟಳು. ಆ ಚಲನೆಗೆ ಯಾವ ಪದ ಎಂದು ಅವಳು ಹುಡುಕಲಿಲ್ಲ.

ಟೀಚರಿಗೆ ಯಾರೂ ಏನೂ ವಿವರಿಸುತ್ತಿಲ್ಲವೆಂದು ಅವಳಿಗೆ ನೆನಪಾಯಿತು.

"ಟೀಚರ್, ಈಗ..."

"ಬೇಡಮ್ಮ, ಗೊತ್ತಾಯ್ತು," ಎಂದರು ಟೀಚರ್, ಕೋಲಿಗಾಗಿ ಕೈ ಚಾಚುತ್ತಾ. "ಮೇಜಿನ ಕೆಳಗಿನ ಟಕಟಕ ನಿಂತಿದೆ."