ಒಂದು ಕೊಂಬೆಯ ಹೇನು

"ಹುಳ ಸಾಯೋ ಔಷಧಿ ಕೊಡಿ. ಇರೋದ್ರಲ್ಲೇ ಜೋರಾಗಿರೋದು."

ನರ್ಸರಿಯವನು ಕೈಯ ಮಣ್ಣು ಒರೆಸಿಕೊಳ್ಳುತ್ತ ತಲೆಯೆತ್ತಿದ. "ಇಷ್ಟೊಂದು ಸಿಟ್ಟಾ ಮೇಡಂ? ಏನ್ ಮಾಡ್ತು ಪಾಪ?"

"ಅಮ್ಮನ ಗುಲಾಬಿ ಹಾಳು ಮಾಡ್ತಿದೆ."

ಅವನ ನಗು ಅಲ್ಲೇ ನಿಂತಿತು. ಎದುರು ಬೀದಿಯ ಈ ಟೈಲರ್ ಹುಡುಗಿಯ ತಾಯಿ ತೀರಿಕೊಂಡದ್ದು ಅವನಿಗೆ ಗೊತ್ತಿತ್ತು. ಆ ತಾಯಿಗೆ ಗುಲಾಬಿ ಸಸಿ ಆರಿಸಿಕೊಟ್ಟವನೂ ಅವನೇ.

"ಅದು ಗಿಡದ ಹೇನು. ವಿಷ ಹೊಡೆದ್ರೆ ಹೇನೂ ಸಾಯತ್ತೆ, ಹೇನು ತಿನ್ನೋ ಹುಳಾನೂ ಸಾಯತ್ತೆ. ಆಮೇಲೆ ಹೇನು ಮಾತ್ರ ವಾಪಸ್ ಬರತ್ತೆ. ಸಂಜೆ ನಾನೇ ಬರ್ತೀನಿ."

ತೂತು ಕೊರೆದ ಸಣ್ಣ ಡಬ್ಬಿ ಹಿಡಿದು ಬಂದ. ಟೆರೇಸಿನ ಮೂಲೆಯಲ್ಲಿ ಗಿಡ ಸೊರಗಿ ನಿಂತಿತ್ತು. ಮೊಗ್ಗುಗಳ ಕುತ್ತಿಗೆ ತುಂಬ ರಸ ಹೀರುವ ಹಸಿರು ಹೇನು. ಡಬ್ಬಿ ತೆರೆದದ್ದೇ ಗುಲಗಂಜಿ ಹುಳಗಳು, ಕೆಂಪು ಬೆನ್ನಿನ ಮೇಲೆ ಕಪ್ಪು ಚುಕ್ಕಿಯವು, ಕೊಂಬೆ ಹತ್ತಿದವು. ಒಂದು ಮಾತ್ರ ಸೂಜಿ ಹಿಡಿದು ಒರಟಾದ ಅವಳ ಬೆರಳು ಹತ್ತಿತು.

"ಇದಕ್ಕೆ ಹೇನಿಗಿಂತ ನೀವೇ ಇಷ್ಟ ಆದ್ರಿ," ಅಂದ.

"ಅದಕ್ಕೆ ಮಾತ್ರಾನಾ?" ಬಾಯಿ ಜಾರಿತು. ಕಿವಿ ಬಿಸಿಯಾಯಿತು. ಇಬ್ಬರೂ ನಕ್ಕರು. ಮರುಕ್ಷಣವೇ ಅವಳಿಗೆ ಅಳುಕು. ಕೆಳಗೆ ಅಪ್ಪ ಟಿವಿ ಹಾಕಿಕೊಂಡು, ನೋಡದೆ ಕೂತಿರುತ್ತಿದ್ದರು. ನಗು ಅವರಿಗೆ ಕೇಳಿಸಿತೇನೋ.

ಅವನು ಭಾನುವಾರ ಭಾನುವಾರ ಬರತೊಡಗಿದ. ಒಂದು ಗಿಡ ನೋಡುವುದಕ್ಕೆ ಅಷ್ಟು ಹೊತ್ತು ಬೇಕಿರಲಿಲ್ಲ. ಇಬ್ಬರಿಗೂ ಅದು ಗೊತ್ತಿತ್ತು, ಇಬ್ಬರೂ ಗೊತ್ತಿಲ್ಲದವರ ಹಾಗೆ ಇದ್ದರು.

ಒಂದು ಸಲ ಬಂದಾಗ ಅವನ ಮುಖ ಬಾಡಿತ್ತು. "ನರ್ಸರಿ ಮುಚ್ತಿದಾರೆ. ಓನರ್ ಬೇರೆ ಊರಿನ ತೋಟಕ್ಕೆ ಬಾ ಅಂತಿದಾರೆ. ನೀವೊಂದು ಮಾತು ಹೇಳಿದ್ರೆ ಇಲ್ಲೇ ಏನಾದ್ರೂ ನೋಡ್ಕೋತೀನಿ."

ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅಮ್ಮ ಹೋದ ಮನೆಯಲ್ಲಿ ಇಷ್ಟು ಬೇಗ ಸಂತೋಷಪಡುವುದು ಕಳ್ಳತನದ ಹಾಗೆ ಕಂಡಿತು.

"ಅಮ್ಮನ ಗಿಡ ಒಂದು ಹೂ ಬಿಡ್ಲಿ. ಆಮೇಲೆ ಹೇಳ್ತೀನಿ."

ಹೂ ಬಿಟ್ಟರೆ ಅಮ್ಮ ಒಪ್ಪಿದ ಹಾಗೆ ಎಂದುಕೊಂಡಿದ್ದಳು.

ಆಮೇಲೆ ಎಲೆಗಳ ಮೇಲೆ ಬೇರೆಯೇ ಹುಳ ಕಾಣಿಸಿದವು. ಕಪ್ಪಗೆ, ಮೈತುಂಬ ಮುಳ್ಳು, ನೋಡಿದರೆ ಅಸಹ್ಯವಾಗಬೇಕು. ವಿಷ ಬೇಡವೆಂದಿದ್ದನಲ್ಲ, ಸೋಪಿನ ನೀರು ಮಾಡಿಕೊಂಡು ಹಳೇ ಬ್ರಷ್ಷಿನಿಂದ ಎಲೆ ಎಲೆಯನ್ನೂ ಉಜ್ಜಿದಳು. ಅವನಿಗೆ ಖುಷಿಯಾಗುತ್ತದೆ ಎಂದು ಒಬ್ಬಳೇ ನಕ್ಕಳು ಕೂಡ.

ನರ್ಸರಿ ಖಾಲಿ ಮಾಡುವ ಗಡಿಬಿಡಿಯಲ್ಲಿ ಅವನು ಎರಡು ವಾರ ಬರಲಿಲ್ಲ. ಅಷ್ಟರಲ್ಲಿ ಹೇನು ಮತ್ತೆ ಮುತ್ತಿತು, ಮೊದಲಿಗಿಂತ ದಟ್ಟವಾಗಿ. ಮೊಗ್ಗುಗಳೆಲ್ಲ ಸುರುಟಿಕೊಂಡವು.

ಬಂದವನೇ ಕೇಳಿದ, "ಮರಿಗಳೆಲ್ಲಿ?"

"ಯಾವ ಮರಿ?"

"ಗುಲಗಂಜಿ ಹುಳದ್ದು. ಕಪ್ಪಗೆ, ಮುಳ್ಳು ಮುಳ್ಳಾಗಿರತ್ತೆ. ದೊಡ್ಡವಕ್ಕಿಂತ ಅವೇ ಜಾಸ್ತಿ ಹೇನು ತಿನ್ನೋದು."

"ನಾನೇ ತೊಳೆದುಬಿಟ್ಟೆ. ಯಾಕೆ ಮೊದಲೇ ಹೇಳ್ಲಿಲ್ಲ ನೀವು?"

"ಹೇಳ್ಬೇಕು ಅಂತಾನೇ ಬರ್ತಿದ್ದೆ. ನಿಮ್ಮನ್ನ ನೋಡಿದ್ರೆ ಮರೆತುಹೋಗ್ತಿತ್ತು."

ಅವಳಿಗೆ ಅಳು ತಡೆಯಲಾಗಲಿಲ್ಲ. "ಹೂವಿನ ಮಾತು ಬಿಡಿ. ಹೋಗ್ಬೇಡಿ. ನೀವಂದ್ರೆ ನಂಗಿಷ್ಟ."

ಅವನು ಸುರುಟಿದ ಮೊಗ್ಗನ್ನೇ ನೋಡುತ್ತ ನಿಂತ. "ನಿನ್ನೆ ಈ ಬೀದೀಲಿ ಹೋಗ್ತಾ ತಲೆಯೆತ್ತಿ ನೋಡ್ದೆ. ಹೂ ಕಾಣ್ಲಿಲ್ಲ. ಇದೇ ಉತ್ತರ ಅನ್ಕೊಂಡು ಓನರ್‌ಗೆ ಒಂದು ವರ್ಷಕ್ಕೆ ಮಾತು ಕೊಟ್ಟುಬಿಟ್ಟೆ. ನಾಳೆ ಗಿಡದ ಲಾರಿ ಜೊತೆ ಹೊರಡ್ಬೇಕು."

ಬಗ್ಗಿ ಕೆಳಗಿನ ಎಲೆಯೊಂದನ್ನು ಮಗುಚಿದ. ಬ್ರಷ್ಷಿಗೆ ಸಿಗದೆ ಒಂದೇ ಒಂದು ಮರಿ ಉಳಿದಿತ್ತು.

"ಇದಕ್ಕೆ ರೆಕ್ಕೆ ಬಂದಾಗ ಫೋನ್ ಮಾಡಿ."

"ರೆಕ್ಕೆ ಬಂದ್ರೆ ಹಾರಿಹೋಗತ್ತಲ್ಲ?"

"ಹೇನಿದ್ರೆ ಇರತ್ತೆ. ತಿನ್ನೋಕೇನೂ ಇಲ್ದಿದ್ರೆ ಹೋಗತ್ತೆ."

ಮೆಟ್ಟಿಲಿಳಿಯುವಾಗ ಮತ್ತೆ ಮತ್ತೆ ತಿರುಗಿ ನೋಡಿದ. ಅವಳು ಕೈ ಬೀಸಲಿಲ್ಲ. ಬೀಸಿದರೆ ನಿಜವಾಗಿಯೂ ಹೋಗಿಬಿಡುತ್ತಾನೆ ಅನ್ನಿಸಿತು.

ಮರುದಿನ ಒದ್ದೆ ಬಟ್ಟೆ ಹಿಡಿದು ಗಿಡ ಒರೆಸುತ್ತಿದ್ದಾಗ ಅಪ್ಪ ಮೇಲೆ ಬಂದರು. ಅಮ್ಮ ಹೋದ ಮೇಲೆ ಅವರು ಟೆರೇಸ್ ಹತ್ತಿರಲಿಲ್ಲ.

"ಈ ಕೊಂಬೆ ಮರೆತ್ಯಲ್ಲಮ್ಮ. ತುಂಬ ಹೇನಿದೆ."

"ಮರೆತಿಲ್ಲಪ್ಪ. ಅದು ಹಾಗೇ ಇರ್ಲಿ."

ಅಪ್ಪ ಗಿಡ ನೋಡಿದರು, ಅವಳ ಊದಿದ ಕಣ್ಣು ನೋಡಿದರು. "ಆ ಹುಡುಗ ಬರಲ್ವಾ ಇನ್ನು?"

ಅವಳು ಇಲ್ಲವೆಂದು ತಲೆಯಾಡಿಸಿದಳು.

"ಅವನು ಬಂದಾಗ ನೀನು ನಗ್ತಿದ್ದೆ," ಅಂದರು ಅಪ್ಪ. "ಅದು ಕೇಳ್ಲಿ ಅಂತ ನಾನು ಟಿವಿ ಸೌಂಡ್ ಕಮ್ಮಿ ಮಾಡ್ಕೋತಿದ್ದೆ."