ಹಿಮ್ಮಡಿಯಿಂದ ಗೇರ್ ಇಳಿಸುವ ವಿದ್ಯೆ

ಹಿಂದಿನ ಜೀಪು ಎರಡನೇ ಸಲ ಗುದ್ದಿತು.

ನನ್ನ ಕಾರಿನ ಡಿಕ್ಕಿ ಬಾಯಿ ತೆರೆಯಿತು. ಎದ್ದ ಮುಚ್ಚಳ ಅಡ್ಡವಾಗಿ ಒಳಗಿನ ಕನ್ನಡಿಯಲ್ಲಿ ಈಗ ಜೀಪು ಕಾಣುತ್ತಿಲ್ಲ. ಒಂದು ಲೆಕ್ಕಕ್ಕೆ ನೆಮ್ಮದಿ...

ಪಕ್ಕದಲ್ಲಿ ನರ್ಸ್ ಕೂತಿದ್ದಳು. ಒಬ್ಬ ಕಂಟ್ರಾಕ್ಟರ್ ವಾರ್ಡಿಗೆ ನುಗ್ಗಿ ರೋಗಿಯ ಮುಖಕ್ಕೆ ದಿಂಬು ಒತ್ತಿ ಕೊಂದದ್ದನ್ನು ಕಣ್ಣಾರೆ ಕಂಡವಳು. ಇವತ್ತು ಅವಳ ಸಾಕ್ಷಿ. ಬೆಟ್ಟದ ಮೇಲಿನಿಂದ ಕೆಳಗಿನ ಕೋರ್ಟಿಗೆ ಅವಳನ್ನು ಜೀವಂತವಾಗಿ ತಲುಪಿಸುವುದು ಪತ್ತೇದಾರನಾದ ನನ್ನ ಕೆಲಸ. ಜೀಪಿನಲ್ಲಿದ್ದವನು ಕಂಟ್ರಾಕ್ಟರನ ತಮ್ಮ. ತಲುಪಲು ಬಿಡದಿರುವುದು ಅವನ ಕೆಲಸ.

ಅವನೇ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತಿದ್ದ.

ಇಳಿಜಾರು. ತಿರುವಿನ ಮೇಲೆ ತಿರುವು. ಬ್ರೇಕು ಕಾದು ವಾಸನೆ ಬರುತ್ತಿತ್ತು.

ಇಂಥ ಹೊತ್ತಿಗೇ ಬೇಕಾಗುತ್ತದೆಂದು ಅಕ್ಕ ನನಗೊಂದು ವಿದ್ಯೆ ಕಲಿಸಿದ್ದಳು. ಅವಳು ರ‍್ಯಾಲಿಗಳಲ್ಲಿ ಕಾರು ಓಡಿಸಿದವಳು. ಎಡಗಾಲಿನಲ್ಲಿ ಕ್ಲಚ್. ಬಲಗಾಲಿನ ಬೆರಳುಗಳಲ್ಲಿ ಬ್ರೇಕ್. ಅದೇ ಬಲಗಾಲಿನ ಹಿಮ್ಮಡಿಯಿಂದ ಆಕ್ಸಿಲರೇಟರನ್ನು ಒಮ್ಮೆ ತಟ್ಟಬೇಕು. ಇಂಜಿನ್ ಮೊರೆದ ಕ್ಷಣದಲ್ಲೇ ಗೇರ್ ಇಳಿಸಬೇಕು. ಆಗ ಇಂಜಿನ್ನೇ ಕಾರಿನ ವೇಗ ತಡೆಯುತ್ತದೆ, ಚಕ್ರ ತಟ್ಟನೆ ಬಿಗಿಯುವುದಿಲ್ಲ... ಕಾರು ಜಾರುವುದಿಲ್ಲ.

ಖಾಲಿ ಮೈದಾನದಲ್ಲಿ ಕಲಿಯುವಾಗ ನನ್ನ ಕಾರು ಕಪ್ಪೆಯ ಹಾಗೆ ಕುಪ್ಪಳಿಸಿತ್ತು. ಅಕ್ಕ ಹಣೆ ಉಜ್ಜಿಕೊಳ್ಳುತ್ತಾ ಇಳಿದು ಮನೆಗೆ ನಡೆದುಕೊಂಡೇ ಹೋಗಿದ್ದಳು. ಊರಿನ ರೌಡಿಗಳು ನನ್ನನ್ನು ಕಂಡರೆ ನಡುಗುತ್ತಾರೆಂದು ಕೊಚ್ಚಿಕೊಳ್ಳುವವನು ನಾನು. ಮೂರು ಪೆಡಲಿಗೆ ಎರಡು ಕಾಲು ಹೊಂದಿಸಲು ಬರಲಿಲ್ಲ!

ತಿರುವು ಬಂತು. ಹಿಮ್ಮಡಿ ತಟ್ಟಿದೆ. ಪೆಡಲ್ ಸಿಗಲಿಲ್ಲ. ಗೇರು ಕರಕರ ಅಂದಿತು. ಕಾರಿನ ಹಿಂಭಾಗ ಪ್ರಪಾತದ ಕಡೆಗೆ ಜಾರಿ ವಾಪಸ್ ಬಂತು.

"ನಿಮಗೆ ಡ್ರೈವಿಂಗ್ ಬರುತ್ತೆ ತಾನೇ?" ನರ್ಸ್ ಕೇಳಿದಳು.

"ಕಲೀತಾ ಇದೀನಿ."

"ಈಗಲಾ?"

ತೊಡಕು ಬೂಟಿನದು. ಪತ್ತೇದಾರನಿಗೆ ಗತ್ತು ಬೇಕೆಂದು ಹಾಕಿಕೊಂಡ ದಪ್ಪ ಅಟ್ಟೆಯ ಬೂಟು. ಅದರೊಳಗಿನ ಪಾದಕ್ಕೆ ಯಾವ ಪೆಡಲ್ ಎಲ್ಲಿದೆಯೆಂದೇ ತಿಳಿಯುತ್ತಿರಲಿಲ್ಲ. ರಸ್ತೆ ಒಂದಿಷ್ಟು ದೂರ ನೇರವಾಯಿತು. ಬಲಗಾಲಿನ ಬೂಟು ಕೀಳಿ ಎಂದೆ. ಅವಳು ಬಗ್ಗಿದಳು. ಬ್ಯಾಗಿನ ಕತ್ತರಿಯಿಂದ ಲೇಸು ಕತ್ತರಿಸಿ ಬೂಟು ಎಳೆದು ಹಿಂದೆ ಎಸೆದಳು. ಕಾಲ್ಚೀಲದ ತೂತಿನಿಂದ ನನ್ನ ಹೆಬ್ಬೆರಳು ಇಣುಕುತ್ತಿತ್ತು. ಆಸ್ಪತ್ರೆಯಲ್ಲಿ ಎಲ್ಲವನ್ನೂ ನೋಡಿದ ಆ ಮುಖ ಒಂದು ಗಳಿಗೆ ಕಿವುಚಿಕೊಂಡಿತು.

ಮುಂದಿನ ತಿರುವು ಇನ್ನೂ ಕಡಿದು. ಬೆರಳು ಬ್ರೇಕಿಗೆ. ಪಾದ ಹೊರಳಿತು... ಹಿಮ್ಮಡಿ ತಟ್ಟಿತು... ಇಂಜಿನ್ ಗುಡುಗಿತು. ಗೇರು ಸದ್ದಿಲ್ಲದೆ ಕೂತಿತು!

ಕಾರು ರಸ್ತೆಗೆ ಅಂಟಿಕೊಂಡೇ ತಿರುಗಿತು.

ಜೀಪಿನವನಿಗೆ ಇಂಥ ಅಕ್ಕ ಇರಲಿಲ್ಲವೆಂದು ಕಾಣುತ್ತದೆ. ಬರೀ ಬ್ರೇಕ್ ತುಳಿದ. ಪಕ್ಕದ ಕನ್ನಡಿಯಲ್ಲಿ ನೋಡುತ್ತಿದ್ದಂತೆ ಜೀಪು ಅಡ್ಡಡ್ಡ ಜಾರಿ ಗುಡ್ಡದ ಬದಿಯ ಮೋರಿಯೊಳಗೆ ಮೂತಿ ತೂರಿಸಿತು. ಅವನ ಬೈಗುಳ ಮುಂದಿನ ತಿರುವಿನವರೆಗೂ ಕೇಳಿಸುತ್ತಿತ್ತು. ಬದುಕಿದ್ದಾನೆ ಎಂದುಕೊಂಡೆ.

ಹಿಗ್ಗು ತಡೆಯಲಾಗಲಿಲ್ಲ. ಉಳಿದ ಎಲ್ಲ ತಿರುವುಗಳಲ್ಲೂ ಅದನ್ನೇ ಮಾಡಿದೆ. ಅರ್ಧಕ್ಕರ್ಧ ತಪ್ಪಿತು.

ಕೋರ್ಟಿನಲ್ಲಿ ಅವಳು ಕಂಟ್ರಾಕ್ಟರನ ಕಣ್ಣಲ್ಲಿ ಕಣ್ಣಿಟ್ಟು, ದನಿ ನಡುಗಿಸದೆ, ಕಂಡದ್ದನ್ನೆಲ್ಲ ಹೇಳಿದಳು. ಹೊರಗೆ ಬಂದಾಗ ನಾನು ಕಾರಿನ ಬಾಗಿಲು ತೆರೆದು ಹಿಡಿದಿದ್ದೆ.

ಕೊಲೆಗಾರನಿಗೆ ಹೆದರದ ಹೆಂಗಸು... ನನಗೆ ಕೈಮುಗಿದು ಬಸ್ಸು ಹತ್ತಿದಳು.